ನಿಲ್ಲುವುದಕ್ಕೂ ಕರೆಂಟು

ಐನೂರೈವತ್ತು ವೋಲ್ಟಿನ ತಂತಿಯ ಕೆಳಗೆ
ಮೂವತ್ತೊಂದು ವರ್ಷ ನಿಂತವನು ನಾನು.
ಉಲಾನ್‌ಬಾತರಿನ ಟ್ರಾಲಿಬಸ್ ಡಿಪೋ, ಮೊಣಕೈವರೆಗೆ ರಬ್ಬರು ಗವಸು,
ತಪ್ಪಿದರೆ ತಪ್ಪಾಯಿತೆನ್ನಲೂ ಉಳಿಯದಂಥ ಕೆಲಸ.
ಈಗ ಅಡುಗೆಮನೆಯ ಮೇಜಿನ ಮೇಲೆ
ನವಣೆ ಕಾಳಿಗಿಂತ ಚಿಕ್ಕದೊಂದು ಸ್ಕ್ರೂ
ನನಗೆ ಬೆವರಿಳಿಸುತ್ತಿದೆ.

ಕಿಟ್ಟು ಮೊಮ್ಮಗಳದು. ಗಡಿಯಾಚೆಯ ಎರೇನ್‌ನಿಂದ
ಪ್ಲಾಸ್ಟಿಕ್ ಚಪ್ಪಲಿಯ ಮೂಟೆಗಳ ನಡುವೆ ಲಾರಿಯಲ್ಲಿ ಬಂತು.
ಎರಡು ಮೋಟಾರು, ಎರಡು ಹಲ್ಲುಪಟ್ಟಿ, ನಡುವೆ ಜೋತ ಪೆನ್ನು;
ಗೋಡೆಗೆ ತೂಗುಹಾಕಿದರೆ ತಾನೇ ಬರೆಯುತ್ತದಂತೆ.
ಎಗ್ಶಿಗ್ಲೆನ್ ಅಂತ ಅವಳ ಹೆಸರು, ಇಂಪು ದನಿ ಅಂತ ಅರ್ಥ.
ಹದಿನಾಲ್ಕು ವರ್ಷ. ಮಾತು ಕಮ್ಮಿ.
"ಅಜ್ಜ, ಮೊದಲು ರೇಡಿಯೇಟರಿನ ಕೊಳವೆ ಮುಟ್ಟಿ ಬಾ."
ಹೊರಗೆ ಮೈನಸ್ ಮೂವತ್ತೆರಡು, ಒಳಗೆ ಗಾಳಿ ಒಣ ಚಕ್ಕೆ,
ಉಣ್ಣೆ ಅಂಗಿ ಕಳಚಿದರೆ ಕತ್ತಲಲ್ಲಿ ಚಟಪಟ.
ಅಂಥ ಒಂದು ಕಿಡಿ ಸಾಕಂತೆ, ಡ್ರೈವರು ಸಾಯಲು.
ಮುಟ್ಟಿ ಬಂದೆ.
ನನಗೇ ಹೇಳಿಕೊಡುವವರು ಹುಟ್ಟಿದರಲ್ಲ!

ಮೀಟರಿನ ಕರಿ ತಂತಿ ಗ್ರೌಂಡಿಗೆ,
ಕೆಂಪು ತಂತಿಯ ಮೊಸಳೆಬಾಯಿ ಸ್ಕ್ರೂಡ್ರೈವರಿನ ಕೊರಳಿಗೆ;
ತಿರುಗಿಸುತ್ತ ತಿರುಗಿಸುತ್ತಲೇ ಓದಿಕೊಳ್ಳಬಹುದು.
ಕಾರ್ಖಾನೆಯಿಂದ ಬಂದದ್ದು ಒಂದು ಪಾಯಿಂಟ್ ಮೂರು.
ಹತ್ತೇ ನಿಮಿಷ, ಮೋಟಾರು ಉಪ್ಪುಚಹಾದ ಬಟ್ಟಲಷ್ಟು ಬಿಸಿ,
ಡ್ರೈವರಿನ ನೆತ್ತಿಯ ಅಲ್ಯೂಮಿನಿಯಂ ಬಾಚಣಿಗೆ
ಬೆರಳ ತುದಿಯನ್ನು ಸುಟ್ಟೇ ಬಿಟ್ಟಿತು.
ಇಳಿಸಿದೆ. ಕೂದಲೆಳೆಯಷ್ಟು ತಿರುಗಿಸಿದರೆ
ಅಂಕಿಗಳು ಮೆಟ್ಟಿಲಿಳಿಯುತ್ತವೆ ಧಡಧಡ.
ಸೊನ್ನೆ ಪಾಯಿಂಟ್ ನಾಲ್ಕು. ಎಲ್ಲ ತಣ್ಣಗೆ.
ತಣ್ಣಗಿದ್ದರೆ ಒಳ್ಳೆಯದೇ ಅಂದುಕೊಂಡೆ.

ಬರೆಯಬೇಕಾದ್ದು ಹಳೆಯ ಲಿಪಿ, ಮೇಲಿಂದ ಕೆಳಗಿಳಿಯುವುದು.
ಅದಕ್ಕೆ ಬೆನ್ನೆಲುಬುಂಟು, ಹಲ್ಲುಂಟು, ಹೊಟ್ಟೆಯುಂಟು, ಬಾಲವುಂಟು.
ಹಾಗೆ ಹೆಸರಿಟ್ಟೇ ಶಾಲೆಯಲ್ಲಿ ಕಲಿಸುತ್ತಿದ್ದಳು
ನನ್ನ ಹೆಂಡತಿ ತ್ಸೆವೆಲ್ಮಾ.
ಈಗ ಕೈ ಅದುರಿ ಕುಂಚ ನಿಲ್ಲುವುದಿಲ್ಲ,
ಕಣ್ಣು ಮಾತ್ರ ಇನ್ನೂ ಕೆಂಪು ಮಸಿ.

ಮೊದಲ ಪದ ಅರ್ಧ ಇಳಿದಿತ್ತು.
ಟಕ್.
ಮೋಟಾರು ಒಂದು ಹೆಜ್ಜೆ ನುಂಗಿತು.
ನುಂಗಿದ್ದು ಯಂತ್ರಕ್ಕೆ ತಿಳಿಯದು; ನಡೆದೆನೆಂದೇ ಅದರ ಲೆಕ್ಕ,
ಆ ತಪ್ಪು ಲೆಕ್ಕದ ಮೇಲೆ ಎಷ್ಟೊಂದು ಶ್ರದ್ಧೆಯಿಂದ
ಉಳಿದ ಅಕ್ಷರಗಳನ್ನೆಲ್ಲ ಕೂರಿಸಿತು!
"ಬೆನ್ನೆಲುಬು ಮುರಿದಿದೆ,"
ಅಂದಳು ತ್ಸೆವೆಲ್ಮಾ, ಕನ್ನಡಕವನ್ನೂ ಹಾಕದೆ.

ಸೊನ್ನೆ ಪಾಯಿಂಟ್ ಆರು: "ಹಲ್ಲು ಪರವಾಗಿಲ್ಲ, ಬಾಲ ಕುಂಟು."
ನಡುವೆ, ಕರೆಂಟು ಇರುವಾಗಲೇ
ಮೋಟಾರಿನ ತಂತಿ ಕಿತ್ತವನು ನಾನೇ,
ಆ ಐನೂರೈವತ್ತು ವೋಲ್ಟಿನವನು.
ಚಿಟ್ ಎಂದಿತು. ಸುಟ್ಟ ಗೊರಸಿನ ವಾಸನೆ.
ಕಿಟ್ಟಿನಲ್ಲಿ ಇನ್ನೊಂದು ಡ್ರೈವರು ಹೆಚ್ಚಿಗೆ ಇತ್ತು, ಬದುಕಿದೆ.
ಎಗ್ಶಿಗ್ಲೆನ್ ಏನೂ ಅನ್ನಲಿಲ್ಲ;
ಎಷ್ಟು ಗಟ್ಟಿಯಾಗಿ ಅನ್ನಲಿಲ್ಲವೆಂದರೆ
ಪಕ್ಕದ ಮನೆಗೂ ಕೇಳಿಸಿರಬೇಕು.

ಸೊನ್ನೆ ಪಾಯಿಂಟ್ ಏಳು ಎರಡು.
ಕೈಯಿಟ್ಟರೆ ಇಡಬಹುದು, ಬಹಳ ಹೊತ್ತಲ್ಲ.
ಪೆನ್ನು ಕದಲದೆ ತೂಗುತ್ತಿದ್ದಾಗಲೂ
ಒಳಗೊಂದು ಸಣ್ಣ ಗುಂಯ್.
ಬೀಳದೆ ನಿಲ್ಲುವುದಕ್ಕೂ ಕರೆಂಟು ಬೇಕು,
ಮೂವತ್ತೊಂದು ವರ್ಷದಲ್ಲಿ ನಾನಿದನ್ನು
ಬೆರಳಿಟ್ಟು ಕೇಳಿದವನಲ್ಲ.

ಬರೆಯಿತು. ಹುಡುಗಿ ತುಂಬಿಸಿಟ್ಟದ್ದು ನಾಳೆಯ ಅಂಗಡಿ ಚೀಟಿ.
ತ್ಸೆವೆಲ್ಮಾ ಗೋಡೆಯ ಹತ್ತಿರ ಸರಿದು ಓದಿದಳು:
ಹಿಟ್ಟು. ಉಪ್ಪು.
ಬೆನ್ನೆಲುಬಿನ ಮಾತಿಲ್ಲ, ಬಾಲದ ಮಾತಿಲ್ಲ.
"ಉಪ್ಪಿದೆಯಲ್ಲ ಮನೆಯಲ್ಲಿ," ಅಂದಳು.
ನಾನೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು.

ಮೂರನೆಯ ಪದ ಇಳಿಯುತ್ತಿರುವಾಗ
ಇಡೀ ಬಡಾವಣೆಯ ದೀಪ ಹೋಯಿತು.
ಗುಂಯ್ ನಿಂತಿತು. ಪಟ್ಟಿ ಸಡಿಲವಾಗಿ
ಪೆನ್ನು ಸರ್‍ರನೆ ಕಾಗದದ ತುದಿಯವರೆಗೆ ಜಾರಿದ ಸದ್ದು.
ಕತ್ತಲಲ್ಲಿ ತ್ಸೆವೆಲ್ಮಾಳ ದನಿ:
"ಮೇಣದಬತ್ತಿಯನ್ನು ಮೊದಲು ಬರೆಸಬೇಕಿತ್ತು."